ಎರಡು ರೂಮಿನ ಮನೆ ಸಾಕಾ ಅಕ್ಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಕ್ಕಾ, ಕರ್ತನಲ್ಲಿ ವಂದನೆಗಳು. ನಿಮ್ಮ ಮನೆಯನ್ನ ದೇವರ ಸೇವೆಗೆ ಕೊಡಿ ಅಂತ ನಮ್ಮ ಪಾಸ್ಟರ್ ಪ್ರಸಂಗ ಮಾಡಿದ್ರು, ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಮ್ಮದು ಎರಡೇ ರೂಮಿನ ಬಾಡಿಗೆ ಮನೆ, ಇಬ್ಬರು ಮಕ್ಕಳು, ನಾನೂ ಕೆಲಸಕ್ಕೆ ಹೋಗ್ತೀನಿ, ಮನೆ ಯಾವಾಗ್ಲೂ ಹರಡ್ಕೊಂಡೇ ಇರುತ್ತೆ. ನಮ್ಮ ಯಜಮಾನರಿಗೆ ಮನೆಗೆ ಜನ ಬಂದ್ರೆ ಅಷ್ಟಾಗಿ ಹಿಡಿಸಲ್ಲ. ಅಕ್ಕಪಕ್ಕದವರು ಬೇರೆ ನಂಬಿಕೆಯವರು, ಊಟಕ್ಕೆ ಕರೆದ್ರೆ ಏನೋ ಉದ್ದೇಶ ಇಟ್ಕೊಂಡೇ ಕರೀತಾರೆ ಅಂದ್ಕೊಂಡ್ರೆ ಅಂತ ಭಯ. ದೊಡ್ಡ ಮನೆ ಇರೋರಿಗೆ ಬಿಟ್ಟುಬಿಡೋದೇ ಒಳ್ಳೇದಾ?

ಉತ್ತರ: ಬಿಡಬೇಡಿ ತಂಗಿ. ಮೊದಲು ಮನೆ ಸಣ್ಣದು ಅನ್ನೋ ಮಾತು ಮುಗಿಸಿಬಿಡೋಣ. ಬೈಬಲ್‌ನ ಹೊಸ ಒಡಂಬಡಿಕೆ ಓದುವಾಗ ಮನೆಗಳ ಮೇಲೆ ಕಣ್ಣಿಟ್ಟು ಓದಿ ನೋಡಿ, ಸಭೆ, ಅಂದ್ರೆ ಚರ್ಚ್, ಅಂದ್ರೆ ಅಲ್ಲಿ ಯಾರದೋ ಒಬ್ಬರ ಮನೆನೇ. ಅಕ್ವಿಲ ಪ್ರಿಸ್ಕಿಲ್ಲ ಗಂಡ ಹೆಂಡ್ತಿ ಗುಡಾರ ಹೊಲಿಯೋ ಕೆಲಸದವರು, ಕ್ಲೌದ್ಯ ಚಕ್ರವರ್ತಿ ಯೆಹೂದ್ಯರನ್ನ ರೋಮ್‌ನಿಂದ ಓಡಿಸಿದಾಗ ಕೊರಿಂಥಕ್ಕೆ ಬಂದವರು, ಅಂದ್ರೆ ಊರು ಬಿಟ್ಟು ಬಂದು ಹೊಸದಾಗಿ ಜೀವನ ಕಟ್ಕೊಳ್ತಿದ್ದ ಜನ, ಅಂಥವರೇ ಊರೂರಿಗೆ ಸುವಾರ್ತೆ ಸಾರ್ತಿದ್ದ ಪೌಲನನ್ನ ಮನೇಲಿ ಇರಿಸ್ಕೊಂಡ್ರು. ಆಮೇಲೆ ಎಫೆಸದಲ್ಲಿದ್ದಾಗ ಅವರ ಮನೇಲಿ ಸಭೆ ಕೂಡ್ತಿತ್ತು, ತಿರುಗಿ ರೋಮ್‌ಗೆ ಹೋದಾಗ್ಲೂ ಕೂಡ್ತಿತ್ತು, ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಪೌಲ ಆ ಸಭೆಗೂ ವಂದನೆ ಹೇಳ್ತಾನೆ. ಊರು ಬದಲಾಯ್ತು, ಮನೆ ಬದಲಾಯ್ತು, ಬಾಗಿಲು ತೆಗೆಯೋ ಅಭ್ಯಾಸ ಮಾತ್ರ ಅವರ ಜೊತೇಲೇ ಹೋಯ್ತು. ಅಪೊಲ್ಲೋಸ ಅಂಥ ದೊಡ್ಡ ಮಾತುಗಾರನ ತಿಳುವಳಿಕೆಯಲ್ಲಿ ಕೊರತೆ ಇದ್ದಾಗ ಎಲ್ಲರ ಎದುರಿಗೆ ತಿದ್ದದೆ ತಮ್ಮ ಹತ್ರ ಕರ್ಕೊಂಡು ನಿಧಾನವಾಗಿ ವಿವರಿಸಿ ಹೇಳಿದ್ದೂ ಇದೇ ಇಬ್ಬರು. ಸಭೆಯ ವೇದಿಕೆ ಮೇಲೆ ಆಗದ ಕೆಲಸ ಇದು.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿ ದಡದ ದೂರಾ ಯೂರೋಪೋಸ್ ಅನ್ನೋ ಹಳೇ ಪಟ್ಟಣವನ್ನ ಅಗೆದಾಗ, 1930ರ ದಶಕದಲ್ಲಿ, ವಿಶ್ವಾಸಿಗಳು ಕೂಡ್ತಿದ್ದ ಒಂದು ಮನೆ ಸಿಕ್ತು. ಸುಮಾರು ಕ್ರಿ.ಶ. 240ರ ಹೊತ್ತಿಗೆ ಮಾಮೂಲಿ ಮನೆಯೊಂದರ ಎರಡು ರೂಮಿನ ನಡುವಿನ ಗೋಡೆ ತೆಗೆದು ಒಂದೇ ಹಾಲ್ ಮಾಡ್ಕೊಂಡಿದ್ರು, ಇನ್ನೊಂದು ಸಣ್ಣ ರೂಮನ್ನ ದೀಕ್ಷಾಸ್ನಾನಕ್ಕೆ ಇಟ್ಕೊಂಡಿದ್ರು. ನೀವು ಗೋಡೆ ಒಡೆಯೋದು ಬೇಡ ಬಿಡಿ, ಓನರ್ ಒಪ್ಪಲ್ಲ. ಆದ್ರೆ ಸೇವೆಗೆ ಬೇರೆ ಥರದ ಮನೆ ಬೇಕು ಅನ್ನೋ ಯೋಚನೆ ನಮ್ಮ ಹಿರಿಯರಿಗೆ ಇರ್ಲಿಲ್ಲ.

ಹರಡ್ಕೊಂಡಿರೋ ಮನೆ ಬಗ್ಗೆ. ಅತಿಥಿಸತ್ಕಾರ ಬೇರೆ, ಮನೆ ತೋರಿಸೋದು ಬೇರೆ, ನಾವು ಇವೆರಡನ್ನ ಕಲಸಿಬಿಡ್ತೀವಿ. ಎಲ್ಲಾ ಒಪ್ಪವಾಗಿ ಜೋಡಿಸಿ, ವಿಶೇಷ ಅಡುಗೆ ಮಾಡಿ, ಮಕ್ಕಳಿಗೆ ಗದರಿಸಿ ಕೂರಿಸಿ ಕರೆದ್ರೆ ಬಂದವರಿಗೂ ಬಿಗಿ, ನಿಮಗೂ ಸುಸ್ತು, ಮತ್ತೊಮ್ಮೆ ಕರೆಯೋಕೆ ಆರು ತಿಂಗಳು ಬೇಕು. ಮಾರ್ಥ ಯೇಸುವನ್ನ ಪ್ರೀತಿಯಿಂದಲೇ ಮನೆಗೆ ಕರೆದಳು, ಆದ್ರೆ ಕೆಲಸದ ಗಡಿಬಿಡಿಯಲ್ಲಿ ತಂಗಿ ಮೇಲೆ ಮಾತ್ರ ಅಲ್ಲ, ಕರೆದ ಅತಿಥಿ ಮೇಲೇನೇ ದೂರು ಹೇಳೋ ಹಾಗಾಯ್ತು, ನಿನಗೆ ಚಿಂತೆ ಇಲ್ಲವಾ ಅಂತ. ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲ ಪತ್ರದಲ್ಲಿ ಅತಿಥಿಸತ್ಕಾರ ಮಾಡಿ ಅಂದು ಸುಮ್ಮನಾಗಲ್ಲ, ಗೊಣಗುಟ್ಟದೆ ಮಾಡಿ ಅಂತಾನೆ, ಅಂದ್ರೆ ಆಗ್ಲೂ ಗೊಣಗ್ತಿದ್ರು ಅಂತ ಕಾಣುತ್ತೆ. ಗೊಣಗಾಟ ತಪ್ಪಿಸೋ ದಾರಿ ಒಂದೇ, ನೀವು ಅವತ್ತು ಏನು ಮಾಡಿದ್ರೋ ಅದನ್ನೇ ಸ್ವಲ್ಪ ಜಾಸ್ತಿ ಮಾಡಿ ಒಬ್ಬರನ್ನ ಕರೀರಿ. ಒಬ್ಬರನ್ನ. ಬಂದವರು ತಟ್ಟೆ ತೊಳೀತೀನಿ ಅಂದ್ರೆ ತೊಳೆಯೋಕೆ ಬಿಡಿ, ಕೈ ಹಾಕಿ ಕೆಲಸ ಮಾಡಿದ ಮನೆಗೆ ಮತ್ತೆ ಬರೋಕೆ ಸಂಕೋಚ ಇರಲ್ಲ.

ಯಾರನ್ನ ಕರೆಯೋದು? ಇಲ್ಲಿ ನನಗೆ ಸ್ವಲ್ಪ ಖಾರವಾಗಿ ಹೇಳೋದಿದೆ. ನಾವು ಫೆಲೋಶಿಪ್ ಅಂತ ಹೇಳಿ ಅದೇ ನಾಲ್ಕು ಮನೆಯವರು ಒಬ್ಬರ ಮನೆಗೊಬ್ಬರು ತಿರುಗ್ತಾ ಇರ್ತೀವಿ. ಲೂಕ 14ರಲ್ಲಿ ಯೇಸು ಹೇಳಿದ್ದು ನೇರವಾಗಿದೆ, ಊಟಕ್ಕೆ ಕರೆಯುವಾಗ ಸ್ನೇಹಿತರನ್ನ, ನೆಂಟರನ್ನ, ದುಡ್ಡಿರೋ ನೆರೆಯವರನ್ನ ಕರೀಬೇಡ, ಅವರು ನಿನ್ನನ್ನ ವಾಪಸ್ ಕರೆದು ಲೆಕ್ಕ ಚುಕ್ತಾ ಮಾಡ್ತಾರೆ, ತೀರಿಸೋಕೆ ಆಗದವರನ್ನ ಕರಿ ಅಂತ. ಆರಾಧನೆ ಮುಗಿದ ಮೇಲೆ ಒಬ್ಬರೇ ಮನೆಗೆ ಹೋಗಿ ಊಟ ಮಾಡೋ ವಿಧವೆ ತಾಯಂದಿರು, ಓದೋಕೆ ದೂರದಿಂದ ಬಂದ ಹುಡುಗ ಹುಡುಗೀರು, ಆಸ್ಪತ್ರೆಯಲ್ಲಿ ಯಾರನ್ನೋ ಅಡ್ಮಿಟ್ ಮಾಡಿ ಊಟ ನಿದ್ದೆ ಇಲ್ಲದೆ ಓಡಾಡ್ತಿರೋರು, ಮಾತಾಡೋಕೆ ಯಾರೂ ಇಲ್ಲದ ಹೊಸ ಬಾಡಿಗೆದಾರರು, ಇವರಲ್ಲಿ ಒಬ್ಬರಾದ್ರೂ ನಿಮಗೆ ಗೊತ್ತಿರ್ತಾರೆ.

ಈಗ ನಿಮ್ಮ ನಿಜವಾದ ಭಯ, ಏನೋ ಉದ್ದೇಶ ಇಟ್ಕೊಂಡು ಕರೀತಾರೆ ಅಂತ ನೆರೆಯವರು ಅಂದ್ಕೊಂಡ್ರೆ ಅನ್ನೋದು. ಅದಕ್ಕೆ ಔಷಧಿ ಅಂದ್ರೆ ಕರೆಯುವಾಗ ಸುಳ್ಳು ಇರಬಾರದು, ಅಷ್ಟೇ. ಬೈಬಲ್‌ನಲ್ಲಿ ಎರಡು ಥರ ಕರೆಯೋದಿದೆ. ಸುಂಕದವನಾದ ಲೇವಿ ಯೇಸುವನ್ನ ಹಿಂಬಾಲಿಸಿದ ಮೇಲೆ ದೊಡ್ಡ ಔತಣ ಮಾಡಿ ತನ್ನ ಜೊತೆ ಕೆಲಸದವರನ್ನೆಲ್ಲಾ ಕರೆದ, ಅದು ಊಟ, ಅವರ ಜೊತೆ ಯೇಸುವೂ ಕೂತು ಊಟ ಮಾಡಿದ. ರೋಮ್ ಸೈನ್ಯದ ಅಧಿಕಾರಿ ಕೊರ್ನೇಲ್ಯ ಕೈಸರೈಯ ಪಟ್ಟಣದಲ್ಲಿ ತನ್ನ ನೆಂಟರನ್ನೂ ಹತ್ತಿರದ ಸ್ನೇಹಿತರನ್ನೂ ಕೂಡಿಸಿ ಪೇತ್ರನಿಗಾಗಿ ಕಾಯ್ತಿದ್ದ, ಅದು ದೇವರ ಮಾತು ಕೇಳೋ ಕೂಟ, ಬಂದವರಿಗೂ ಅದು ಗೊತ್ತಿತ್ತು. ಎರಡೂ ಒಳ್ಳೇದೇ. ಮಗುವಿನ ಬರ್ತ್‌ಡೇ ಅಂತ ಕರೆದು ಬಾಗಿಲು ಮುಚ್ಚಿ ಒಂದು ಗಂಟೆ ಪ್ರಸಂಗ ಮಾಡಿಸೋದು ಮಾತ್ರ ಒಳ್ಳೇದಲ್ಲ, ಅದು ಅತಿಥಿಗೆ ಮೋಸ, ಸುವಾರ್ತೆಗೂ ಅವಮಾನ. ಊಟಕ್ಕೆ ಕರೆದ್ರೆ ಊಟ ಹಾಕಿ. ನಿಮ್ಮ ಮನೆ ರೂಢಿ ಹಾಗೇ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡಿ, ಅದನ್ನ ಬಚ್ಚಿಡಬೇಡಿ, ಉದ್ದ ಮಾಡೋಕೂ ಹೋಗಬೇಡಿ. ನೀವು ಯಾಕೆ ಹೀಗಿದೀರಿ ಅಂತ ಅವರೇ ಕೇಳೋ ದಿನ ಬಂದ್ರೆ ಹೇಳಿ, ಸಾತ್ವಿಕವಾಗಿ, ಮರ್ಯಾದೆಯಿಂದ, ಅದನ್ನೂ ಪೇತ್ರನೇ ಹೇಳಿದಾನೆ. ಕೇಳದೇ ಹೋದ್ರೆ? ಆಗ್ಲೂ ಕರೀತಾನೇ ಇರಿ, ಅವರು ನೆರೆಯವರು ಅನ್ನೋದೊಂದೇ ಕಾರಣ ಸಾಕು. ಅವರು ತಮ್ಮ ಮನೆಗೆ ಕರೆದ್ರೆ ನೀವೂ ಹೋಗಿ. ಯೇಸುವಿಗೆ ತಲೆ ಇಡೋಕೆ ಸ್ವಂತ ಜಾಗ ಇರ್ಲಿಲ್ಲ, ಅವನು ಜನರನ್ನ ಮುಟ್ಟಿದ್ದರಲ್ಲಿ ಎಷ್ಟೋ ಪಾಲು ಅತಿಥಿಯಾಗಿ ಹೋಗಿ, ಸುಂಕದವನಾದ ಜಕ್ಕಾಯನ ಮನೆಗೆ ತಾನಾಗೇ ಬರ್ತೀನಿ ಅಂದ, ಸಮಾರ್ಯದ ಹೆಂಗಸಿನ ಹತ್ರ ಮೊದಲು ನೀರು ಕೇಳಿದ. ಬರೀ ಕೊಡೋರಾಗೇ ಇರಬೇಕು ಅನ್ನೋ ಹಠ ನೆರೆಹೊರೆಯಲ್ಲಿ ಅಂತರ ಹೆಚ್ಚಿಸುತ್ತೆ.

ಯಜಮಾನರ ವಿಷಯ. 2 ಅರಸುಗಳು 4ರಲ್ಲಿ ಶೂನೇಮ್ ಊರಿನ ಹೆಂಗಸು ಪ್ರವಾದಿ ಎಲೀಷನಿಗೆ ಮಹಡಿ ಮೇಲೆ ರೂಮ್ ಕಟ್ಟಿಸಿ ಮಂಚ, ಮೇಜು, ಕುರ್ಚಿ, ದೀಪ ಇಡಿಸೋಕೆ ಮುಂಚೆ ಗಂಡನ ಹತ್ರ ಮಾತಾಡಿದಳು. ನೀವೂ ಮಾತಾಡಿ. ಯಾರು, ಯಾವತ್ತು, ಎಷ್ಟು ಹೊತ್ತು ಅಂತ ಮೊದಲೇ ಹೇಳಿ, ಅವರಿಗೆ ಸುಸ್ತಾಗಿರೋ ದಿನ ಬೇಡ. ಜನ ಹಿಡಿಸದವರಿಗೆ ಹತ್ತು ಜನರ ಕೂಟ ಕಷ್ಟ ಆಗಬಹುದು, ಒಬ್ಬರು ಬಂದ್ರೆ ಅಷ್ಟು ಕಷ್ಟ ಆಗಲ್ಲ. ಅವರಿಗೆ ತಿಳಿಸದೆ ಕರೆದುಬಿಟ್ಟು ದೇವರ ಸೇವೆ ಅಂತ ಬಾಯಿ ಮುಚ್ಚಿಸಬೇಡಿ, ಮನೆ ಅವರದೂ ಹೌದು.

ಪ್ರಶ್ನೆ: ಅಕ್ಕಾ, ಕಷ್ಟದಲ್ಲಿದ್ದ ಒಬ್ಬ ಪರಿಚಯದವರನ್ನ ಸ್ವಲ್ಪ ದಿನಕ್ಕೆ ಅಂತ ಮನೇಲಿ ಇಟ್ಕೊಂಡ್ವಿ. ಈಗ ತಿಂಗಳುಗಳೇ ಆದ್ವು, ಕೆಲಸ ಹುಡುಕ್ತಿಲ್ಲ, ಮಕ್ಕಳು ಓದೋಕೆ ಜಾಗ ಇಲ್ಲ. ಹೋಗಿ ಅಂದ್ರೆ ಪಾಪ ಆಗುತ್ತಾ?

ಉತ್ತರ: ಆಗಲ್ಲ. ಇದು ಇವತ್ತಿನ ತೊಂದರೆನೂ ಅಲ್ಲ. ಡಿಡಾಖೆ ಅಂತ ಆದಿಸಭೆಯವರ ಒಂದು ಚಿಕ್ಕ ಕೈಪಿಡಿ ಇದೆ, ಅದರ ಹಸ್ತಪ್ರತಿ 1873ರಲ್ಲಿ ಮತ್ತೆ ಬೆಳಕಿಗೆ ಬಂತು, ಅದರಲ್ಲಿ ಕರ್ತನ ಹೆಸರಲ್ಲಿ ಬಂದವರನ್ನೆಲ್ಲಾ ಸೇರಿಸ್ಕೊಳ್ಳಿ ಅಂತ ಹೇಳಿ ಅದರ ಜೊತೆಗೇ, ದಾರಿಹೋಕರಾದ್ರೆ ಬೇಕಾದ್ರೆ ಎರಡು ಮೂರು ದಿನ ಇರಲಿ, ಅಲ್ಲೇ ನೆಲೆಸ್ತೀನಿ ಅಂದ್ರೆ ದುಡಿದು ತಿನ್ನಲಿ, ಕೈಯಲ್ಲಿ ಕಸುಬಿಲ್ಲದವರಿಗೆ ಸುಮ್ಮನೆ ಕೂರದ ಹಾಗೆ ನೀವೇ ಒಂದು ದಾರಿ ನೋಡಿ ಅಂತ ಇದೆ. ಪ್ರೀತಿನೂ ಇದೆ, ಗಡುವೂ ಇದೆ. ನೀವೂ ಗಂಡ ಹೆಂಡ್ತಿ ಒಟ್ಟಿಗೆ ಕೂತು ಅವರ ಹತ್ರ ಮುಖಾಮುಖಿ ಮಾತಾಡಿ, ಇಂಥ ತಾರೀಖಿನವರೆಗೆ ಅಂತ ಹೇಳಿ, ಅಷ್ಟರೊಳಗೆ ಕೆಲಸ ಮತ್ತು ರೂಮ್ ಹುಡುಕೋಕೆ ಸಹಾಯ ಮಾಡಿ, ಸಭೆಯ ಹಿರಿಯರಿಗೂ ಹೇಳಿ, ಯಾಕಂದ್ರೆ ಒಬ್ಬರ ಭಾರ ಒಂದೇ ಮನೆ ಹೊರಬೇಕು ಅಂತ ಎಲ್ಲೂ ಇಲ್ಲ. ಇನ್ನೊಂದು ಮಾತು, ಅವರು ಎಷ್ಟೇ ಒಳ್ಳೆಯವರಾಗಿರಲಿ, ದೊಡ್ಡವರು ಯಾರೂ ಇಲ್ಲದಾಗ ಮಕ್ಕಳನ್ನ ಅವರ ಜೊತೆ ಬಿಡಬೇಡಿ. ವಿಶ್ವಾಸಿ ಅನ್ನೋ ಒಂದೇ ಮಾತಿನ ಮೇಲೆ ಈ ವಿಷಯದಲ್ಲಿ ಯಾರನ್ನೂ ನಂಬಬೇಕಾಗಿಲ್ಲ, ಮಕ್ಕಳು ಏನಾದ್ರೂ ಹೇಳಿದ್ರೆ ತಕ್ಷಣ ಕಿವಿಗೊಡಿ.

ಪ್ರಶ್ನೆ: ನಾನು ಮದುವೆ ಆಗದ ಹುಡುಗ, ಇನ್ನೊಬ್ಬರ ಜೊತೆ ರೂಮ್ ಶೇರ್ ಮಾಡ್ಕೊಂಡಿದೀನಿ. ಕ್ರೈಸ್ತ ಮನೆ ಅನ್ನೋದೆಲ್ಲ ಫ್ಯಾಮಿಲಿ ಇರೋರಿಗೆ ಮಾತ್ರ ಅಲ್ವಾ ಅಕ್ಕಾ?

ಉತ್ತರ: ಅಲ್ಲ ತಮ್ಮ. ಬೇಥಾನ್ಯ ಊರಲ್ಲಿ ಮಾರ್ಥಳ ಮನೇಲಿ ಇದ್ದವರು ಇಬ್ಬರು ಅಕ್ಕತಂಗಿ, ಒಬ್ಬ ತಮ್ಮ ಅಂತಷ್ಟೇ ಬೈಬಲ್ ಹೇಳೋದು. ಫಿಲಿಪ್ಪಿಯ ಲುದ್ಯಳಿಗೆ ಗಂಡ ಇದ್ದ ಅಂತ ಎಲ್ಲೂ ಇಲ್ಲ, ಬಟ್ಟೆ ವ್ಯಾಪಾರ ಮಾಡೋ ಹೆಂಗಸು, ಪೌಲ ಮತ್ತು ಅವನ ಜೊತೆಗಾರ ಸೀಲ ಜೈಲಿಂದ ಬಿಡುಗಡೆಯಾಗಿ ನೇರ ಹೋಗಿದ್ದು ಅವಳ ಮನೆಗೆ. ಪೌಲನೇ ರೋಮ್‌ನಲ್ಲಿ ಕಾವಲಿನ ಸಿಪಾಯಿ ಪಕ್ಕದಲ್ಲಿದ್ರೂ ಬಾಡಿಗೆ ಮನೇಲಿ ಎರಡು ವರ್ಷ ಇದ್ದು ಬಂದವರನ್ನೆಲ್ಲಾ ಸೇರಿಸ್ಕೊಳ್ತಿದ್ದ. ನಿನ್ನ ರೂಮಲ್ಲಿ ಕೂರೋಕೆ ಒಂದು ಚಾಪೆ ಇದ್ರೆ ಆಯ್ತು, ಒಬ್ಬನೇ ಇರೋ ಕಲೀಗ್ ಒಬ್ಬನನ್ನ ರಜೆ ದಿನ ಕರಿ. ಮೊದಲು ರೂಮ್‌ಮೇಟ್ ಹತ್ರ ಕೇಳು, ಅವನ ಒಪ್ಪಿಗೆ ಇಲ್ಲದೆ ಪ್ರಾರ್ಥನಾ ಕೂಟ ಇಡಬೇಡ. ಅವನೂ ಊಟಕ್ಕೆ ಕೂರಲಿ, ಬಹುಶಃ ನೀನು ಮೊದಲು ಕರೀಬೇಕಾಗಿದ್ದು ಅವನನ್ನೇ.