ಡಿಸೆಂಬರ್‌ಗೇ ಹೊರಟಿದ್ದೀಯಲ್ಲ, ಒಳ್ಳೆಯದೇ ಆಯಿತು

ತಂಗಿ,

"ಅಕ್ಕ, ಕೆಲಸಕ್ಕೆ ಸೇರಲು ಹೇಳಿದ್ದೇ ಡಿಸೆಂಬರ್ 1ಕ್ಕೆ. ಚಳಿ, ಕತ್ತಲೆ, ಗುರುತಿನವರು ಒಬ್ಬರೂ ಇಲ್ಲ. ಕ್ರಿಸ್‌ಮಸ್ ಸಮಯದಲ್ಲಿ ಜರ್ಮನಿ ಚಂದ ಅಂತಾರೆ. ನಿಮಗೆ ನಿಜಕ್ಕೂ ಇಷ್ಟವಾಗುವುದು ಎಂತದ್ದು?" ಅಂತ ಉಡುಪಿಯಿಂದ ಕೇಳಿದ್ದೀಯ. ನಾನು ರಜೆಯಲ್ಲಿ ಮಂಗಳೂರಿನ ಕುಲಶೇಖರದ ತವರುಮನೆಗೆ ಬಂದಿದ್ದೇನೆ, ನಿನಗಿಂತ ಸ್ವಲ್ಪ ಮೊದಲು ಸ್ಟುಟ್‌ಗಾರ್ಟ್‌ಗೆ ವಾಪಸು ಹೊರಡುತ್ತೇನೆ. ಎರಡೂ ಊರಿನ ಹಬ್ಬ ಈಗ ಮನಸ್ಸಿನಲ್ಲಿ ಒಟ್ಟಿಗೇ ಉಂಟು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕತ್ತಲೆ ಇರುವುದು ನಿಜ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಎಂಟು ಗಂಟೆ ದಾಟಿರುತ್ತದೆ, ಸಂಜೆ ನಾಲ್ಕೂವರೆಯೊಳಗೆ ಮುಳುಗಿಯೂ ಆಗಿರುತ್ತದೆ. ಫೋಟೊ ನೋಡಿ ಹಿಮದ ಆಸೆ ಇಟ್ಟುಕೊಳ್ಳಬೇಡ. ಸ್ಟುಟ್‌ಗಾರ್ಟ್‌ನಲ್ಲಿ ಹೆಚ್ಚಿನ ವರ್ಷ ಕ್ರಿಸ್‌ಮಸ್‌ಗೆ ಬೀಳುವುದು ಜಿಟಿಜಿಟಿ ಮಳೆಯೇ. ಆದರೆ ಅಷ್ಟು ಕತ್ತಲೆ ಇರುವುದರಿಂದಲೇ ಅಲ್ಲಿಯವರು ಒಂದೊಂದು ದೀಪವನ್ನೂ ಅಷ್ಟು ಅಕ್ಕರೆಯಿಂದ ಹಚ್ಚುತ್ತಾರೆ.

ನನಗೆ 25ನೇ ತಾರೀಕಿಗಿಂತ ಅದಕ್ಕೆ ಮೊದಲಿನ ನಾಲ್ಕು ಭಾನುವಾರಗಳೇ ಇಷ್ಟ. ಅಡ್ವೆಂಟ್ ಅನ್ನುತ್ತಾರೆ. ಮನೆಮನೆಯ ಮೇಜಿನ ಮೇಲೆ ಹಸಿರು ಸೊಪ್ಪಿನ ಚಕ್ರ, ಅದರಲ್ಲಿ ನಾಲ್ಕು ಮೇಣದಬತ್ತಿ. ಮೊದಲ ಭಾನುವಾರ ಒಂದು ಉರಿಯುತ್ತದೆ, ಮುಂದಿನ ವಾರ ಎರಡು. 1839ರಲ್ಲಿ ಹ್ಯಾಂಬರ್ಗ್‌ನ ಪಾದ್ರಿ ವಿಶರ್ನ್ ಅವರು ಬಡ ಮಕ್ಕಳನ್ನು ಸಾಕುತ್ತಿದ್ದ ಮನೆಯಲ್ಲಿ ಇದನ್ನು ಶುರುಮಾಡಿದರು. ಹಬ್ಬ ಯಾವಾಗ, ಯಾವಾಗ ಅಂತ ಮಕ್ಕಳು ದಿನಾ ಪೀಡಿಸುತ್ತಿದ್ದರಂತೆ, ಅದಕ್ಕೆ ಗಾಡಿಚಕ್ರಕ್ಕೆ ಬತ್ತಿ ಸಿಕ್ಕಿಸಿ ಎಣಿಸಲು ಕೊಟ್ಟರಂತೆ. ಹಬ್ಬಕ್ಕಾಗಿ ಕಾಯುವುದನ್ನೇ ಹಬ್ಬ ಮಾಡಿಕೊಂಡಿದ್ದಾರೆ, ನನಗೆ ಅದು ಬಹಳ ಹಿಡಿಸಿದೆ. ಡಿಸೆಂಬರ್ 5ರ ರಾತ್ರಿ ಸಂತ ನಿಕೋಲಸ್ ಬರುತ್ತಾನೆ ಅಂತ ಮಕ್ಕಳು ಬಾಗಿಲ ಹತ್ತಿರ ಬೂಟು ಇಡುತ್ತಾರೆ, ಬೆಳಿಗ್ಗೆ ಅದರಲ್ಲಿ ಕಿತ್ತಳೆ, ಬೀಜ, ಚಾಕೊಲೇಟು ಇರುತ್ತದೆ. ಆಫೀಸಿನಲ್ಲಿ ನಿನ್ನ ಮೇಜಿನ ಮೇಲೂ ಯಾರಾದರೂ ಇಟ್ಟಾರು, ಗಾಬರಿಯಾಗಬೇಡ.

ಕ್ರಿಸ್‌ಮಸ್ ಸಂತೆಗೆ ಹೇಗೂ ಹೋಗುತ್ತಿ. ಸ್ಟುಟ್‌ಗಾರ್ಟ್‌ನ ಸಂತೆಯ ಉಲ್ಲೇಖ 1692ರಲ್ಲೇ ಸಿಗುತ್ತದೆ. ಅಂಗಡಿಗಳ ಮಾಡಿನ ಮೇಲೆಲ್ಲ ಅಲಂಕಾರ, ಹಳೆಯ ಅರಮನೆಯ ಅಂಗಳದಲ್ಲಿ ಹಾಡು. ಆದರೆ ನನ್ನ ಮಾತು ಕೇಳಿದರೆ ಮೊದಲು ಪಕ್ಕದ ಎಸ್ಲಿಂಗೆನ್‌ಗೆ ಹೋಗು. ಅಲ್ಲಿ ಮಧ್ಯಯುಗದ ವೇಷ ಹಾಕಿದ ವ್ಯಾಪಾರಿಗಳು, ಪಂಜಿನ ಮೆರವಣಿಗೆ, ಹಳೆಯ ಮರದ ಮನೆಗಳು. ನಮ್ಮೂರಿನವರಿಗೆ ಇನ್ನೊಂದು ಕಾರಣವೂ ಉಂಟು. ಮಂಗಳೂರಿನಲ್ಲಿ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಎಸ್ಲಿಂಗೆನ್‌ನಲ್ಲಿ. ನಿಘಂಟಿನ ಕಿಟ್ಟೆಲ್ ತೀರಿಕೊಂಡ ಟ್ಯೂಬಿಂಗೆನ್ ಕೂಡ ದೂರವಿಲ್ಲ. ಪರದೇಶ ಅನ್ನುವ ಹೆದರಿಕೆ ನನಗೆ ಅಲ್ಲಿ ನಿಂತಾಗ ಅರ್ಧ ಇಳಿದುಹೋಗುತ್ತದೆ.

ಸಂತೆಯಲ್ಲಿ ಎಲ್ಲರ ಕೈಯಲ್ಲೂ ಬಿಸಿ ವೈನ್ ಇರುತ್ತದೆ. ಕುಡಿಯುವುದಿಲ್ಲವಾದರೆ ಕಿಂಡರ್‌ಪುನ್ಶ್ ಕೇಳು, ಹಣ್ಣಿನ ರಸಕ್ಕೆ ಚಕ್ಕೆ, ಲವಂಗ ಹಾಕಿ ಕುದಿಸಿದ್ದು. ಮಗ್ಗಿಗೆ ಡೆಪಾಸಿಟ್ ಹಿಡಿಯುತ್ತಾರೆ, ವಾಪಸು ಕೊಟ್ಟರೆ ದುಡ್ಡು ಸಿಗುತ್ತದೆ. ನೀನು ಸಸ್ಯಾಹಾರಿ ಅಂದಿದ್ದೀಯಲ್ಲ, ಚೀಸ್ ಸ್ಪೆಟ್ಸ್ಲೆ (ನೂಡಲ್ಸಿನ ಥರದ್ದು, ಮೊಟ್ಟೆ ಹಾಕಿರುತ್ತಾರೆ), ಸುಟ್ಟ ಚೆಸ್ಟ್‌ನಟ್, ಸಕ್ಕರೆಯಲ್ಲಿ ಹುರಿದ ಬಾದಾಮಿ ಧಾರಾಳ ಸಿಗುತ್ತದೆ. ಹುಳಿ ಕ್ಯಾಬೇಜ್ ಹಾಕಿದ್ದನ್ನು ಮಾತ್ರ ಕೇಳಿಯೇ ತಗೊ, ಅದರಲ್ಲಿ ಹೆಚ್ಚಾಗಿ ಹಂದಿಮಾಂಸದ ಚೂರು ಇರುತ್ತದೆ.

ಇನ್ನು ತಿಂಡಿ. ನಮ್ಮ ಕಡೆಯ ಕ್ರೈಸ್ತರ ಮನೆಯಲ್ಲಿ ಕುಸ್ವಾರ್ ಅಂತ ಕ್ರಿಸ್‌ಮಸ್ ತಿಂಡಿಗಳು ಇದ್ದ ಹಾಗೆ ಅಲ್ಲಿ ಮನೆಯಲ್ಲೇ ಬಗೆಬಗೆಯ ಬಿಸ್ಕತ್ತು ಮಾಡುತ್ತಾರೆ. ಅದರಲ್ಲಿ ಸ್ಪ್ರಿಂಗರ್ಲೆ ಅಂತ ಒಂದುಂಟು, ಆ ಸೀಮೆಯವರದ್ದೇ. ನಮ್ಮ ಮೇಲಿನ ಮನೆಯ ಅಜ್ಜಿ ಮಾಡುವಾಗ ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ. ಮೊಟ್ಟೆ, ಪುಡಿ ಸಕ್ಕರೆ ತುಂಬ ಹೊತ್ತು ಕಡೆದು, ಮೈದಾ ಕಲಸಿ, ದಪ್ಪಕ್ಕೆ ಲಟ್ಟಿಸಿ, ಕೆತ್ತನೆಯ ಮರದ ಅಚ್ಚನ್ನು ಒತ್ತುತ್ತಾರೆ. ಹೂವು, ಹಕ್ಕಿ, ಕುದುರೆ ಸವಾರ, ಎಲ್ಲ ಗೆರೆಯೂ ಮೂಡಬೇಕು. ತಟ್ಟೆಗೆ ಸೋಂಪಿನ ಥರದ ಅನಿಸ್ ಕಾಳು ಉದುರಿಸಿ ಅದರ ಮೇಲೆ ಇಟ್ಟು ಇಡೀ ರಾತ್ರಿ ಒಣಗಲು ಬಿಡುತ್ತಾರೆ. ಮರುದಿನ ಸಣ್ಣ ಉರಿಯಲ್ಲಿ ಬೇಯುವಾಗ ಮೇಲಿನ ಒಣ ಪದರ ಬೆಳ್ಳಗೇ ಉಳಿದು, ಅಡಿ ಉಬ್ಬಿ ಬಿಸ್ಕತ್ತಿಗೆ ಕಾಲು ಬರುತ್ತದೆ. ಕಾಲು ಸಮ ಬಂದರೆ ಅಜ್ಜಿಯ ಮುಖ ನೋಡಬೇಕು, ಮಾರಾಯ್ತಿ!

24ರ ಬಗ್ಗೆ ಮಾತ್ರ ಈಗಲೇ ತಿಳಿದುಕೊ. ಮಧ್ಯಾಹ್ನ ಎರಡರೊಳಗೆ ಅಂಗಡಿ ಮುಚ್ಚುತ್ತದೆ. ಸಂಜೆಯಾಗುತ್ತಲೇ ಬೀದಿ ಖಾಲಿ. 25, 26 ಎರಡೂ ರಜೆ, ಹಾಲು, ತರಕಾರಿ ಮೊದಲೇ ತಂದಿಡು. ಹೊಸಬರು ಕಂಗಾಲಾಗುವುದು ಅವತ್ತೇ. ಕುಲಶೇಖರದಲ್ಲಿ ಕ್ರಿಸ್‌ಮಸ್ ಅಂದರೆ ಮನೆಮುಂದೆ ನಕ್ಷತ್ರ, ಗೋದಲಿ, ಕೊರ್ಡೆಲ್ ಚರ್ಚಿನ ಗಂಟೆ. ಆಚೆಮನೆಯ ಕ್ರೈಸ್ತ ಹೆಂಗಸು, ನಾವು 'ಬಾಯಿ' ಅಂತ ಕರೆಯುತ್ತಿದ್ದವರು, ಕಿಡ್ಯೊ, ನೆವ್ರ್ಯೊ, ಗುಳಿಯೊ ಅಂತೆಲ್ಲ ಕುಸ್ವಾರ್ ತಿಂಡಿ ಜೋಡಿಸಿದ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ನಾವು ಹಿಂದೂಗಳು, ಆದರೂ ಆ ತಟ್ಟೆ ಬಾರದೆ ನಮಗೆ ಡಿಸೆಂಬರ್ ಮುಗಿದದ್ದೇ ಇಲ್ಲ. ಇಲ್ಲಿ ಹಬ್ಬ ಮನೆಯಿಂದ ಹೊರಗೆ ಬರುತ್ತದೆ, ಅಲ್ಲಿ ಮನೆಯೊಳಗೆ ಹೋಗುತ್ತದೆ. ಅವರಿಗೆ ಅದು ತಂದೆತಾಯಿ, ಮಕ್ಕಳು ಮಾತ್ರ ಒಟ್ಟು ಕೂರುವ ರಾತ್ರಿ. ನಿನ್ನನ್ನು ದೂರ ಇಟ್ಟರು ಅಂತ ತಿಳಿಯಬೇಡ.

ಅದಕ್ಕೇ ಆಚೆಮನೆಯ ಆ ಬಾಯಿ ಮಾಡುತ್ತಿದ್ದ ಹಾಗೆಯೇ ನಾನೂ ಪ್ರತಿ ವರ್ಷ ಮಾಡುತ್ತೇನೆ. 23ಕ್ಕೆ ಗುಲಾಬ್ ಹೂ ಅನ್ನುವ ಅಚ್ಚಿನ ತಿಂಡಿ ಕರಿದು ನಮ್ಮ ಕಟ್ಟಡದ ಎಲ್ಲ ಮನೆಗೂ ತಟ್ಟೆ ಒಯ್ಯುತ್ತೇನೆ. ಕರೆಯದೆ ಹೋದರೆ ಏನೆಂದುಕೊಳ್ಳುತ್ತಾರೋ ಅಂತ ಯೋಚಿಸಬೇಡ, ಹಬ್ಬದ ತಿಂಡಿ ಹಿಡಿದು ಬಂದವರಿಗೆ ಅಲ್ಲಿಯೂ ಯಾರೂ ಬಾಗಿಲು ಹಾಕುವುದಿಲ್ಲ. ಅಜ್ಜಿಯ ಸ್ನೇಹ ಆದದ್ದೇ ಹೀಗೆ.

ಬರುವಾಗ ಉಡುಪಿ ಪೇಟೆಯ ಪಾತ್ರೆ ಅಂಗಡಿಯಿಂದ ಗುಲಾಬ್ ಹೂವಿನ ಅಚ್ಚು ಒಂದು ತಾ. ಹೊಸ ಅಚ್ಚನ್ನು ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡದಿದ್ದರೆ ಹಿಟ್ಟು ಬಿಡುವುದಿಲ್ಲ. ತೆಂಗಿನಹಾಲು, ಅಕ್ಕಿಹಿಟ್ಟು ಅಲ್ಲೇ ಸಿಗುತ್ತದೆ. ತುಪ್ಪ, ಹಾಲಿನ ಸಿಹಿ ಕಟ್ಟಿಕೊಳ್ಳಬೇಡ, ಕಸ್ಟಮ್ಸ್‌ನಲ್ಲಿ ಹಾಲು, ಮಾಂಸದ ಪದಾರ್ಥ ಬಿಡುವುದಿಲ್ಲ. ಎರಡನೇ ಅಡ್ವೆಂಟಿಗೆ ನಮ್ಮ ಮನೆಗೇ ಬಾ. ಅಜ್ಜಿ ಶನಿವಾರ ಸಂಜೆಯೇ ಅಚ್ಚು ಒತ್ತಲು ಶುರುಮಾಡುತ್ತಾರೆ, ಹಾಗಾಗಿ ರಾತ್ರಿ ಉಳಿಯುವ ಹಾಗೆ ಬಟ್ಟೆ ತಗೊಂಡೇ ಬಾ.