ಅಪ್ಪನ ಔಷಧಿ ಡಬ್ಬಿ, ಕೆರೆಕಲ್ಲಿನ ಲೋಳೆ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಮ್ಮ ತಂದೆ ತೀರಿಕೊಂಡು ಮೂರು ತಿಂಗಳಾಯಿತು. ಅವರ ಔಷಧಿ ಡಬ್ಬಿಯಲ್ಲಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಗಳು, ಅರ್ಧ ಉಳಿದ ಸಿಪ್ರೊಫ್ಲಾಕ್ಸಸಿನ್ ಪಟ್ಟಿ, ಒಂದು ಬಾಟಲಿ ಕೆಮ್ಮಿನ ಸಿರಪ್ ಇವೆ. ಶೌಚಾಲಯಕ್ಕೆ ಸುರಿದು ನೀರು ಬಿಟ್ಟರೆ ಕರಗಿ ಹೋಗುತ್ತವೆ ಎನ್ನುತ್ತಾರೆ ಮನೆಯವರು. ಇಷ್ಟರಿಂದ ಹೊಳೆಯ ಮೀನಿಗೆ ಏನಾದೀತು?
– ಓದುಗರು, ಬೀದರ್

ಉತ್ತರ: ದಯವಿಟ್ಟು ಸುರಿಯಬೇಡಿ. ನಮ್ಮ ಅಮ್ಮ ಹೋದಾಗ ನಾನೂ ಅಂಥದ್ದೇ ಡಬ್ಬಿಯನ್ನು, ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯನ್ನು, ಮುಂದಿಟ್ಟುಕೊಂಡು ಕುಳಿತಿದ್ದೆ. ಬಿಸಾಡಲೂ ಮನಸ್ಸಿಲ್ಲ, ಇಟ್ಟುಕೊಳ್ಳುವುದೂ ತರವಲ್ಲ. ನಿಮ್ಮ ಸಂಕಟ ಅರ್ಥವಾಗುತ್ತದೆ.

ನೀವು ಮೀನಿನ ಬಗ್ಗೆ ಕೇಳಿದ್ದೀರಿ. ಮೊದಲ ಪೆಟ್ಟು ಬೀಳುವುದು ಕಣ್ಣಿಗೆ ಕಾಣದ ಜೀವಿಗಳಿಗೆ, ಮೀನಿನ ಸರದಿ ಬರುವುದು ಆಮೇಲೆ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿದವಳು ನಾನು. ಈಗಲೂ ಮಳೆಗಾಲ ಮುಗಿದ ಮೇಲೆ ಊರ ಕೆರೆಯ ಮೆಟ್ಟಿಲಿನಿಂದ, ಕಾಲಿಟ್ಟರೆ ಜಾರುತ್ತದಲ್ಲ, ಆ ಲೋಳೆಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ತರುತ್ತೇನೆ. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಾಜಿನ ದೋಣಿಗಳಂತಹ ಏಕಕೋಶ ಪಾಚಿಗಳಾದ ಡಯಾಟಮ್‌ಗಳು ನಿಧಾನವಾಗಿ ತೇಲುತ್ತವೆ. ಬುಗುರಿಯಂತೆ ಸುತ್ತುತ್ತಿರುವ ಹಾಗೆ ಕಾಣುವ ಬಾಯಿಯಿಂದ ರೋಟಿಫರ್ ಎಂಬ ಪುಟ್ಟ ಪ್ರಾಣಿ ಪಾಚಿಯ ಕಣಗಳನ್ನು ಒಳಗೆಳೆದುಕೊಳ್ಳುತ್ತದೆ. ಉದ್ದ ತೊಟ್ಟಿನ ತುದಿಯಲ್ಲಿ ಗಂಟೆಯಂತಿರುವ ವರ್ಟಿಸೆಲ್ಲಾ, ಗಾಜನ್ನು ಬೆರಳಿನಿಂದ ತಟ್ಟಿದರೆ ಸಾಕು, ತೊಟ್ಟನ್ನು ಸುರುಳಿ ಸುತ್ತಿಕೊಂಡು ಕುಗ್ಗಿಬಿಡುತ್ತದೆ. ಹೊಳೆಯ ಊಟ ತಯಾರಾಗುವುದು ಈ ಲೋಳೆಯಲ್ಲಿ, ಹೊಲಸು ಕರಗುವುದೂ ಇಲ್ಲೇ.

ಈಗ ನಿಮ್ಮ ಡಬ್ಬಿಗೆ ಬರೋಣ. ಸಿಪ್ರೊಫ್ಲಾಕ್ಸಸಿನ್ ಒಂದು ಆ್ಯಂಟಿಬಯಾಟಿಕ್. ಅದು ಬ್ಯಾಕ್ಟೀರಿಯಾಗಳು ತಮ್ಮ ಡಿಎನ್‌ಎ ಎಳೆಯ ಸಿಕ್ಕು ಬಿಡಿಸಿಕೊಳ್ಳಲು ಬಳಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅದಕ್ಕೆ ರೋಗಾಣು ಯಾವುದು, ಹೊಳೆಯ ಉಪಕಾರಿ ಯಾವುದು ಎಂಬ ಭೇದವಿಲ್ಲ. ನೀಲಿ-ಹಸಿರು ಪಾಚಿ ಹೆಸರಿಗೆ ಪಾಚಿ, ಕುಲದಲ್ಲಿ ಬ್ಯಾಕ್ಟೀರಿಯಾ. ಹಾಗಾಗಿ ಇಂಥ ಔಷಧಕ್ಕೆ ನಿಜವಾದ ಹಸಿರು ಪಾಚಿಗಿಂತ ಅದು ಬೇಗ ಸೋಲುತ್ತದೆ.

ಈ ಔಷಧ ಅತಿಯಾದಾಗ ಏನಾಗುತ್ತದೆಂದು ನೋಡಲು ನೀವು ದೂರ ಹೋಗಬೇಕಿಲ್ಲ. ಹೈದರಾಬಾದಿನ ಪಕ್ಕದ ಪಟಾಂಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಶುದ್ಧೀಕರಿಸುತ್ತಿದ್ದ ಘಟಕವೊಂದರ ಹೊರಹರಿವನ್ನು ಸ್ವೀಡನ್ನಿನ ಸಂಶೋಧಕ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿದರು. ವರದಿ ಪ್ರಕಟವಾದದ್ದು 2007ರಲ್ಲಿ. ಶುದ್ಧೀಕರಿಸಿದ ಮೇಲೂ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಉಳಿದಿತ್ತು. ದಿನಕ್ಕೆ ಹೊರಬೀಳುತ್ತಿದ್ದುದು ಸುಮಾರು 45 ಕಿಲೋ. ಆಗ 90 ಲಕ್ಷ ಜನರಿದ್ದ ಸ್ವೀಡನ್ ಐದು ದಿನ ನುಂಗುವಷ್ಟು ಇದೇ ಔಷಧ! ಅಲ್ಲಿನ ಹಳ್ಳದ ಕೆಸರನ್ನು ಮುಂದೆ ಪರೀಕ್ಷಿಸಿದಾಗ ಔಷಧಕ್ಕೆ ಬಗ್ಗದ ಗುಣವನ್ನು ಹೊತ್ತ ಜೀನ್‌ಗಳು ದಂಡಿಯಾಗಿ ಸಿಕ್ಕವು. ಔಷಧಕ್ಕೆ ಮಣಿಯುವವು ಸತ್ತಿದ್ದವು, ಮೊಂಡು ಬ್ಯಾಕ್ಟೀರಿಯಾಗಳು ಬೆಳೆದಿದ್ದವು. ಆ ಪ್ರದೇಶದ ನೀರು ನಕ್ಕವಾಗು ಹಳ್ಳದ ಮೂಲಕ ಸೇರುವುದು ನಿಮ್ಮ ಮಾಂಜ್ರಾ ನದಿಯನ್ನೇ. ನದಿ ನಿಮ್ಮ ಜಿಲ್ಲೆಯನ್ನು ದಾಟಿದ ಮೇಲೆ, ಅಷ್ಟೇ.

ಕೆಮ್ಮಿನ ಸಿರಪ್ಪಿನದು ಇನ್ನೂ ವಿಚಿತ್ರ. ನಮ್ಮಲ್ಲಿ ಹಲವು ಸಿರಪ್‌ಗಳಲ್ಲಿ ಡೈಫೆನ್‌ಹೈಡ್ರಮಿನ್ ಇರುತ್ತದೆ. ಅದು ಆ್ಯಂಟಿಬಯಾಟಿಕ್ ಅಲ್ಲ, ಅಲರ್ಜಿ ತಡೆಯುವ ಔಷಧ. ಅಮೆರಿಕದ ವಿಜ್ಞಾನಿ ಎಮಾ ರೋಸಿ ಅವರ ತಂಡ ಔಷಧ ಬೆರೆಸಿದ ಅಗರ್ (ಕಡಲಪಾಚಿಯಿಂದ ಮಾಡಿದ ಜೆಲ್ಲಿ) ತುಂಬಿದ ಪುಟ್ಟ ಬಟ್ಟಲುಗಳನ್ನು ಹೊಳೆಗಳಲ್ಲಿಟ್ಟು, ಮೇಲೆ ಬೆಳೆದ ಲೋಳೆಯನ್ನು ಅಳೆಯಿತು. 2013ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಡೈಫೆನ್‌ಹೈಡ್ರಮಿನ್ ಇದ್ದ ಕಡೆ ಪಾಚಿಯ ದ್ಯುತಿಸಂಶ್ಲೇಷಣೆ ಶೇ 99ರಷ್ಟು ಕುಸಿದಿತ್ತು. ಬಟ್ಟಲಿನಲ್ಲಿದ್ದ ಪ್ರಮಾಣ ಹೊಳೆಯಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು, ನಿಜ. ಆದರೂ ಕೆಮ್ಮಿನ ಔಷಧ ಪಾಚಿಯ ಉಸಿರು ಕಟ್ಟಿಸುತ್ತದೆಂದು ಆ ವರದಿ ಓದುವವರೆಗೆ ನನಗೂ ಹೊಳೆದಿರಲಿಲ್ಲ.

ಮೆಟ್‌ಫಾರ್ಮಿನ್ ವಿಷಯದಲ್ಲಿ ಒಂದು ಮಾತು. ನುಂಗಿದ ಮೆಟ್‌ಫಾರ್ಮಿನ್‌ನ ಬಹುಪಾಲು ಬದಲಾಗದೆ ದೇಹದಿಂದ ಹೊರಬರುತ್ತದೆ. 104 ದೇಶಗಳ 258 ನದಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಕಡೆ ಸಿಕ್ಕ ಔಷಧಗಳಲ್ಲಿ ಅದೂ ಒಂದು. ಅದಕ್ಕಾಗಿ ಯಾರೂ ಗುಳಿಗೆ ನಿಲ್ಲಿಸಬಾರದು. ಆ ಹೊರೆಯನ್ನು ಇಳಿಸಬೇಕಾದುದು ಕೊಳಚೆ ಶುದ್ಧೀಕರಣ ಘಟಕ. ನಮ್ಮ ಕೈಯಲ್ಲಿರುವುದು ಉಳಿದ ಗುಳಿಗೆ ಮಾತ್ರ.

ಅವಧಿ ಮೀರಿದ ಔಷಧವನ್ನು 2016ರ ಘನತ್ಯಾಜ್ಯ ನಿಯಮಗಳೇ ಮನೆಯ ಅಪಾಯಕಾರಿ ಕಸವೆಂದು ಗುರುತಿಸಿದ್ದವು. ಬೇರೆಯಾಗಿ ಕಟ್ಟಿ, ಮೇಲೆ ಬರೆದು, ನಗರಾಡಳಿತದ ಕಸದ ಗಾಡಿಯವರ ಕೈಗೆ ಕೊಡಿ. ತೆಗೆದುಕೊಳ್ಳದಿದ್ದರೆ ನಗರಾಡಳಿತಕ್ಕೆ ಪತ್ರ ಬರೆಯಿರಿ. ನಾನು ಎರಡು ಬಾರಿ ಬರೆಯಬೇಕಾಯಿತು. ಶೌಚಾಲಯಕ್ಕೆ ಹಾಕಬಹುದೆಂದು 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಹೇಳಿರುವುದು ಹದಿನೇಳು ಔಷಧಗಳ ಬಗ್ಗೆ ಮಾತ್ರ. ಮಗುವಿನ ಕೈಗೆ ಸಿಕ್ಕರೆ ಜೀವಕ್ಕೇ ಎರವಾಗುವ ತೀವ್ರ ನೋವುನಿವಾರಕಗಳಂಥವು ಅವು. ನಿಮ್ಮ ಡಬ್ಬಿಯ ಮೂರೂ ಅದರಲ್ಲಿಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆಯಂತೆ. ಹಾಗಾದರೆ ಮೈಕ್ರೊಪ್ಲಾಸ್ಟಿಕ್‌ನ ಚಿಂತೆ ಮುಗಿಯಿತಲ್ಲವೇ?
– ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಸಿಕ್ಕಿರುವುದು ನಿಜ, ಮಗಳೇ. ಜಪಾನಿನ ಸಕಾಯ್‌ನಲ್ಲಿ; 2016ರಲ್ಲಿ ವರದಿಯಾಯಿತು. ಆದರೆ ನೀರಿನ ಬಾಟಲಿ ಮಾಡುವ ಪಿಇಟಿ ಪ್ಲಾಸ್ಟಿಕ್ಕಿನ ತೆಳು ಹಾಳೆಯೊಂದನ್ನು ಮುಗಿಸಲು, 30 ಡಿಗ್ರಿ ಶಾಖದಲ್ಲಿ ಪ್ರಯೋಗಾಲಯದ ಉಪಚಾರ ಪಡೆದೂ, ಅದಕ್ಕೆ ಆರು ವಾರ ಬೇಕಾಯಿತು. ಕೆರೆಯಲ್ಲಿ ಅಂಥ ಉಪಚಾರ ಯಾರು ಮಾಡುತ್ತಾರೆ?

ನನ್ನನ್ನು ಕಾಡುವುದು ಬೇರೆ. ಐದು ಮಿಲಿಮೀಟರಿಗಿಂತ ಚಿಕ್ಕದಾದ ಈ ಚೂರುಗಳು ಬ್ಯಾಕ್ಟೀರಿಯಾಗಳಿಗೆ ತೆಪ್ಪಗಳಾಗುತ್ತವೆ. ಮೈಮೇಲೆ ಲೋಳೆ ಕಟ್ಟುತ್ತದೆ, ಆ್ಯಂಟಿಬಯಾಟಿಕ್‌ಗಳೂ ಬಂದು ಅಂಟಿಕೊಳ್ಳುತ್ತವೆ. ಒತ್ತೊತ್ತಾಗಿ ಕುಳಿತಲ್ಲಿ ಜೀನ್‌ಗಳ ಕೊಡುಕೊಳ್ಳುವಿಕೆ ಸಲೀಸು. ಜರ್ಮನಿಯ ಸರೋವರವೊಂದರ ನೀರಿನಲ್ಲಿ ಮಾಡಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಲಾಸ್ಟಿಕ್ ಚೂರಿನ ಮೇಲಿದ್ದ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಬಿಡಿಯಾಗಿದ್ದವುಗಳಿಗಿಂತ ಹೆಚ್ಚು ಜೀನ್ ವಿನಿಮಯ ಮಾಡಿಕೊಂಡಿದ್ದವು. ಬೀದರಿನ ಓದುಗರ ಗುಳಿಗೆಯೂ ನಮ್ಮ ಮನೆಯ ಪಾಲಿಯೆಸ್ಟರ್ ಸೀರೆಯ ನೂಲೂ ಕೊನೆಗೆ ಸೇರುವುದು ಇಂಥ ಲೋಳೆಯನ್ನೇ.

ನಿಮ್ಮ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೀವೇ ನೋಡಿ. ವಾಷಿಂಗ್ ಮೆಷಿನ್ ನೀರು ಹೊರಬರುವ ಕೊಳವೆಗೆ ಮಲ್‌ಮಲ್ ಬಟ್ಟೆ ಕಟ್ಟಿ, ಸಿಕ್ಕ ನೂಲುಗಳನ್ನು ಗಾಜಿನ ಮೇಲಿಡಿ. ಹೋಲಿಸಲು ಪಕ್ಕದಲ್ಲಿ ಕೆರೆಯ ಪಾಚಿಯ ಎಳೆಯೊಂದನ್ನೂ ಇಡಿ. ಪಾಚಿಯ ಎಳೆಯಲ್ಲಿ ಜೀವಕೋಶಗಳ ಅಡ್ಡಗೋಡೆ ಕಾಣುತ್ತದೆ. ಪಾಲಿಯೆಸ್ಟರ್ ಎಳೆ ಉದ್ದಕ್ಕೂ ಒಂದೇ ದಪ್ಪ, ಗೋಡೆ ಇಲ್ಲ, ಬಣ್ಣ ಕಡುನೀಲಿಯೋ ಕೆಂಪೋ ಇರಬಹುದು. ಅನುಮಾನವಿದ್ದರೆ ಉಪನ್ಯಾಸಕರನ್ನು ಜೊತೆಗಿಟ್ಟುಕೊಂಡು ಕಾಯಿಸಿದ ಸೂಜಿಯನ್ನು ಹತ್ತಿರ ಹಿಡಿಯಿರಿ. ಪ್ಲಾಸ್ಟಿಕ್ ಆಗಿದ್ದರೆ ಮುದುಡಿ ಕರಗುತ್ತದೆ. ಎಷ್ಟು ಎಳೆ ಸಿಕ್ಕವು ಎಂದು ನನಗೆ ಬರೆಯಿರಿ.