ಫಿಟ್ಸ್ ಇರುವವರು ವ್ಯಾಯಾಮ ಮಾಡಿದರೆ ಮರೆವು ಕಡಿಮೆಯಾಗುತ್ತಾ?

ಮೂರ್ಛೆ ರೋಗ ಶುರುವಾದ ಮೇಲೆ ಮರೆವು ಜಾಸ್ತಿಯಾಗಿದೆ, ವ್ಯಾಯಾಮದಿಂದ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಮೈ ದಣಿದರೆ ಫಿಟ್ಸ್ ಬರುತ್ತದೆ ಎಂದು ಮನೆಯವರು ಬಿಡುತ್ತಿಲ್ಲ ಅಂತಲೂ ಬರೆದಿದ್ದೀರಿ. ನನಗೂ ಟೆಂಪೊರಲ್ ಲೋಬ್ ಎಪಿಲೆಪ್ಸಿ ಇದೆ, ಅಂದರೆ ಮೆದುಳಿನಲ್ಲಿ ಕಿವಿಯ ಪಕ್ಕದ ಭಾಗದಿಂದ ಶುರುವಾಗುವ ಮೂರ್ಛೆ ರೋಗ. ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ನಡಿಗೆಯನ್ನೂ ಬಿಟ್ಟಿಲ್ಲ.

ಮೊದಲು ಮನೆಯವರ ಭಯದ ವಿಷಯ. ಇಇಜಿ, ಅಂದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಪರೀಕ್ಷೆ, ಮಾಡುವಾಗ ಕೆಲವು ನಿಮಿಷ ಜೋರಾಗಿ ಉಸಿರಾಡಿ ಅನ್ನುತ್ತಾರಲ್ವಾ? ಕೆಲವರಿಗೆ, ಅದರಲ್ಲೂ ಆಬ್ಸೆನ್ಸ್ ಫಿಟ್ಸ್ (ಕೆಲವು ಕ್ಷಣ ಎಚ್ಚರ ತಪ್ಪಿ ಸುಮ್ಮನೆ ದಿಟ್ಟಿಸುವುದು) ಇರುವ ಮಕ್ಕಳಿಗೆ, ಅಷ್ಟಕ್ಕೇ ಫಿಟ್ಸ್ ಬಂದುಬಿಡುತ್ತದೆ. ಹಾಗಾದರೆ ಓಡಿ ಏದುಸಿರು ಬಂದಾಗಲೂ ಬರಬೇಕು ಅಂತ ಅನಿಸುವುದು ಸಹಜ. ಆದರೆ ಎರಡೂ ಬೇರೆ ಬೇರೆ. ಸುಮ್ನೆ ಮಲಗಿ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ನರಕೋಶಗಳು ಬೇಗ ಕೆರಳುತ್ತವೆ. ಓಡುವಾಗ ಸ್ನಾಯುಗಳು ಆ ಅನಿಲವನ್ನು ಜಾಸ್ತಿ ತಯಾರಿಸುತ್ತವೆ. ಏದುಸಿರು ಆ ಹೆಚ್ಚುವರಿಯನ್ನು ಹೊರಹಾಕುತ್ತದೆ, ಅಷ್ಟೆ. ವ್ಯಾಯಾಮದಿಂದಲೇ ಫಿಟ್ಸ್ ಬರುವವರು ಇದ್ದಾರೆ, ಆದರೆ ತೀರಾ ಕಡಿಮೆ.

ಇನ್ನು ನೆನಪು. ಹೊಸ ವಿಷಯ ಮನಸ್ಸಿನಲ್ಲಿ ಉಳಿಯಲು ಮೆದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗ ಬೇಕು. ಇದು ಗೊತ್ತಾದದ್ದೇ ಒಬ್ಬ ಎಪಿಲೆಪ್ಸಿ ರೋಗಿಯಿಂದ. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ ಫಿಟ್ಸ್ ತಡೆಯಲು ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಕಡೆಯ ಹಿಪೊಕ್ಯಾಂಪಸ್ಸಿನ ಬಹುಭಾಗ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಆಮೇಲೆ ಪರಿಚಯವಾದವರನ್ನು ಅವರು ನೆನಪಿಟ್ಟುಕೊಳ್ಳಲು ಆಗಲೇ ಇಲ್ಲ. ಟೆಂಪೊರಲ್ ಲೋಬ್ ಎಪಿಲೆಪ್ಸಿಯಲ್ಲಿ ಪೆಟ್ಟು ಬೀಳುವುದು ಹೆಚ್ಚಾಗಿ ಇದೇ ಜಾಗಕ್ಕೆ.

ವ್ಯಾಯಾಮ ಮುಟ್ಟುವುದೂ ಇದೇ ಜಾಗವನ್ನು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 120 ಮಂದಿ ವಯಸ್ಸಾದವರಿದ್ದರು. ಒಂದು ವರ್ಷ ಬಿರುಸಾಗಿ ನಡೆದವರ ಹಿಪೊಕ್ಯಾಂಪಸ್ ಸುಮಾರು 2 ಶೇಕಡಾ ದೊಡ್ಡದಾಯಿತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತು. ಅವರಿಗೆ ಎಪಿಲೆಪ್ಸಿ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. ಎಪಿಲೆಪ್ಸಿ ಇರುವ ಇಲಿಗಳನ್ನು ಓಡಿಸಿದಾಗ ಫಿಟ್ಸ್ ಕಡಿಮೆಯಾದದ್ದು ಪ್ರಯೋಗಗಳಲ್ಲಿ ಕಂಡಿದೆ. ನಮ್ಮಂಥವರ ಮೇಲೆ ನಡೆದ ಅಧ್ಯಯನಗಳು ಚಿಕ್ಕವು. ಹಾಗಾಗಿ ಕಳೆದುಹೋದ ನೆನಪೆಲ್ಲ ವಾಪಸ್ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆದರೂ ಮಾಡಿ ಅಂತ ನಾನು ಒತ್ತಿ ಹೇಳುವುದು ಯಾಕೆಂದರೆ, ನಮ್ಮ ಮರೆವಿಗೆ ಕಾರಣ ಒಂದೇ ಅಲ್ಲ. ನಿದ್ದೆ ಕೆಟ್ಟರೆ ನೆನಪು ಕೆಡುತ್ತದೆ. ಮನಸ್ಸು ಕುಗ್ಗಿದರೆ ಗಮನವೇ ನಿಲ್ಲುವುದಿಲ್ಲ, ಗಮನ ಇಲ್ಲದೆ ಕೇಳಿದ್ದು ನೆನಪಿನಲ್ಲಿ ಉಳಿಯುವುದು ಹೇಗೆ? ಈ ಎರಡಕ್ಕೂ ನಡಿಗೆ ಒಳ್ಳೆಯದು. ನನಗೆ ಗೊತ್ತಾಗುವಂತೆ ಬದಲಾದದ್ದು ನಿದ್ದೆ. ರಾತ್ರಿ ಸರಿಯಾಗಿ ಮಲಗಿದ ಮರುದಿನ ಓದಿದ ಪುಟವನ್ನೇ ಮತ್ತೆ ತಿರುಗಿಸಿ ಓದುವುದು ತಪ್ಪಿದೆ.

ಮರೆವಿಗೆ ಮಾತ್ರೆಯೂ ಕಾರಣ ಇರಬಹುದು. ಟೋಪಿರಮೇಟ್ ಅನ್ನುವ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಎದುರಿಗಿರುವ ವಸ್ತುವಿನ ಹೆಸರೇ ಬಾಯಿಗೆ ಬರುವುದಿಲ್ಲ. ಅದನ್ನು ಎಷ್ಟು ನಡೆದರೂ ಸರಿಮಾಡಲಾಗದು, ಡಾಕ್ಟರ ಹತ್ತಿರ ಮಾತಾಡಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಅದು ನಿಜಕ್ಕೂ ಅಪಾಯ.

ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹತ್ತು ನಿಮಿಷದಿಂದ ಶುರುಮಾಡಿ, ನಿಧಾನಕ್ಕೆ ಏರಿಸಿ. ನಡಿಗೆ, ಕುಣಿತ, ಹೆಚ್ಚಿನವರಿಗೆ ಓಟ, ಇವುಗಳಿಂದ ಭಯವಿಲ್ಲ. ಒಬ್ಬರೇ ಈಜಬೇಡಿ, ಎತ್ತರ ಹತ್ತುವ ಆಟ ಬೇಡ. ನಿದ್ದೆಗೆಟ್ಟ ದಿನ ಜೋರು ಮಾಡಬೇಡಿ.

ಮೊದಮೊದಲು ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ತಿರುಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು, 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು ಅಂತ ಅವರಿಗೆ ಮೊದಲೇ ಹೇಳಿಡಿ. ಏನು ಮಾಡಬೇಕೆಂದು ಗೊತ್ತಿದ್ದರೆ ಅವರೂ ನಿಮ್ಮನ್ನು ಅಷ್ಟು ತಡೆಯಲಾರರು.